ಸ್ವಿಫ್ಟ್‌ಗೆ ಹೊಸ ಟೈರ್: ಅಪೋಲೊನಾ, ಎಂಆರ್‌ಎಫಾ?

ಸ್ವಿಫ್ಟ್‌ನ ಕಡಿಮೆ ಬೆಲೆಯ ಮಾಡೆಲ್‌ಗಳ ಟೈರ್ ಅಳತೆ 165/80 ಆರ್14. ಕೈಗೆಟುಕುವ ಬೆಲೆಯಲ್ಲಿ ಅಂಗಡಿಯವರು ತೋರಿಸುವ ಹೆಸರುಗಳಲ್ಲಿ ಎರಡು: ಅಪೋಲೊ ಅಮೇಜರ್ 4ಜಿ ಲೈಫ್, ಎಂಆರ್‌ಎಫ್ ಝಡ್‌ಎಲ್‌ಎಕ್ಸ್.

ಅಮೇಜರ್ ಬಾಳಿಕೆಗೆಂದೇ ಮಾಡಿದ ಟೈರ್. ದಿನಾ ದೂರ ಓಡಾಡುವವರಿಗೆ ಲೆಕ್ಕ ಸರಿಹೋಗುತ್ತದೆ. ಝಡ್‌ಎಲ್‌ಎಕ್ಸ್‌ನ ಒತ್ತು ಆರಾಮದ ಮೇಲೆ. ಹಿಂದಿನ ಸೀಟಲ್ಲಿ ಅಜ್ಜಿ, ಮಕ್ಕಳು ಕೂರುವ ಮನೆಯಾದರೆ ನನ್ನ ಓಟು ಇದಕ್ಕೇ. ನಮ್ಮ ಹಂಪ್‌ಗಳು ಗೊತ್ತಲ್ವಾ!

ಸೆಕೆಂಡ್ ಹ್ಯಾಂಡ್ ಟೈರ್? ಬೆಲೆ ಕಮ್ಮಿ ನಿಜ, ಆದರೆ ಒಳಗಿನ ಪೆಟ್ಟು ಕಾಣಿಸುವುದಿಲ್ಲ. ಸುಮ್ನೆ ಬೇಡ.

ಯಾವುದೇ ಕೊಂಡರೂ ಟೈರ್‌ನ ಬದಿಯಲ್ಲಿರುವ ತಯಾರಿಕೆಯ ನಾಲ್ಕಂಕಿ ಓದಿ. 2325 ಅಂತಿದ್ದರೆ 2025ರ 23ನೇ ವಾರ ತಯಾರಾದದ್ದು. ಎರಡು ವರ್ಷ ಗೋಡೌನ್‌ನಲ್ಲಿ ಕೂತ ಮಾಲಿಗೆ ‘ಡಿಸ್ಕೌಂಟ್’ ಅಂದರೆ ಮರುಳಾಗಬೇಡಿ. ಬೆಲೆ ಕೇಳುವಾಗ ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್ ಸೇರಿದೆಯಾ ಅಂತಲೂ ಕೇಳಿ. ಅಲೈನ್‌ಮೆಂಟ್ ಸಾಮಾನ್ಯವಾಗಿ ಬೇರೆ ಖರ್ಚು.

ಸದ್ಯಕ್ಕೆ ಎರಡೇ ಸಾಕು ಅಂದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ಮಳೆಯಲ್ಲಿ ಹಿಂಭಾಗ ಜಾರಿದರೆ ಗಾಡಿ ಹಿಡಿತಕ್ಕೆ ಸಿಗುವುದು ಕಷ್ಟ. ಮುಂದೆ ಉಳಿಯುವ ಟೈರ್‌ಗಳಲ್ಲಿ ಗ್ರಿಪ್ (ಮೇಲಿನ ಗೆರೆಗಳ ಆಳ) 1.6 ಮಿಲಿಮೀಟರಿಗಿಂತ ಕಮ್ಮಿ ಉಳಿದಿದ್ದರೆ ನಾಲ್ಕೂ ಬದಲಿಸಲೇಬೇಕು.