ಮಗುವಿಗೆ ಐದು ಸ್ಟಾರ್, ಹೊರಗೆ ಕೂತವರಿಗೆ ಎರಡು

ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕಲ್ಲ. ನನ್ನ ಮಗಳನ್ನು ಉಳಿಸಿಕೊಟ್ಟ ಜಾಗ ಅದು, ಜಗಳಕ್ಕೆ ಮನಸ್ಸಿಲ್ಲ. ಡಿಸ್ಚಾರ್ಜ್ ದಿನ ಫೀಡ್‌ಬ್ಯಾಕ್ ಫಾರಂ ಕೊಟ್ಟಿದ್ದರು. ಸ್ವಚ್ಛತೆ, ಊಟ, ಬಿಲ್ಲಿಂಗ್, ಎಲ್ಲದಕ್ಕೂ ಟಿಕ್ ಹಾಕಿದೆ. ನಾನು ಹೇಳಬೇಕಿದ್ದ ವಿಷಯಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ.

ನಾವು ಮಂಡ್ಯದವರು. 32 ವಾರಕ್ಕೇ ಸಿಸೇರಿಯನ್ ಆಯಿತು, ಮಗು 1 ಕೆಜಿ 380 ಗ್ರಾಂ, 31 ದಿನ ಒಳಗಿತ್ತು. ಮಗುವಿನ ಆರೈಕೆ ಬಗ್ಗೆ ಒಂದು ಮಾತು ಆಡುವ ಹಾಗಿಲ್ಲ. ಉಸಿರಾಟಕ್ಕೆ ಹಾಕಿದ್ದ ಸಿಪ್ಯಾಪ್ ಯಂತ್ರ ತೆಗೆದಿದ್ದು, ಟ್ಯೂಬಿನಿಂದ ಒಳಲೆಗೆ ತಂದಿದ್ದು, ಕಣ್ಣಿನ ಪರೀಕ್ಷೆ, ಎಲ್ಲವೂ ಹೊತ್ತು ಹೊತ್ತಿಗೆ. ಐದು ಸ್ಟಾರ್.

ಬಾಗಿಲ ಪಕ್ಕ ಒಂದು ಬೋರ್ಡ್ ಇದೆ. 'ಪೇರೆಂಟ್ಸ್ ಕೌನ್ಸೆಲಿಂಗ್, ಮಧ್ಯಾಹ್ನ 12ರಿಂದ 12.30'. ಪರವಾಗಿಲ್ವೇ, ನಮ್ಮನ್ನೂ ವಿಚಾರಿಸ್ತಾರೆ ಅಂದುಕೊಂಡೆ. ಹೋಗಿ ನೋಡಿದರೆ ತೂಕ ಎಷ್ಟು, ಆಕ್ಸಿಜನ್ ಎಷ್ಟು, ಇವತ್ತು ಕೌಂಟರಿನಲ್ಲಿ ಎಷ್ಟು ಕಟ್ಟಬೇಕು, ಅಷ್ಟೇ. ಮೂರು ನಿಮಿಷ. ಹೊಲಿಗೆ ನೋಡಿದರು, ಬಿಪಿ ನೋಡಿದರು, ಎದೆಹಾಲು ಎಷ್ಟು ಎಂಎಲ್ ಬಂತು ಅಂತ ದಿನಕ್ಕೆ ಎಂಟು ಸಲ ಬರೆದುಕೊಂಡರು. ರಾತ್ರಿ ನಿದ್ದೆ ಬರ್ತಿದೆಯಾ ಅಂತ 31 ದಿನದಲ್ಲಿ ಒಬ್ಬ ಡಾಕ್ಟರೂ ಕೇಳಲಿಲ್ಲ.

ನನಗೆ ಬರ್ತಿರಲಿಲ್ಲ. ಊರಲ್ಲಿದ್ದಿದ್ದರೆ ಅವ್ವ ಎಣ್ಣೆ ನೀರು ಹಾಕಿ ಮಲಗಿಸುತ್ತಿದ್ದಳು. ಇಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಸ್ಟೀಲ್ ಕುರ್ಚಿಯಲ್ಲಿ ಬಾಣಂತನ. ನೋಡೋಕೆ ಬಂದ ನೆಂಟರೊಬ್ಬರು 'ಏಳು ತಿಂಗಳದ್ದಾದರೆ ಉಳಿಯುತ್ತೆ, ಎಂಟು ತಿಂಗಳದ್ದೇ ಕಷ್ಟ ಕಣಮ್ಮ' ಅಂದು ಹೋದರು. ಸುಳ್ಳು ಅದು. ಹೊಟ್ಟೆಯಲ್ಲಿ ಹೆಚ್ಚು ದಿನ ಇದ್ದಷ್ಟೂ ಮಗುವಿಗೆ ಒಳ್ಳೆಯದೇ. ಆದರೆ ಆ ಹೊತ್ತಲ್ಲಿ ಇದನ್ನು ಹೇಳೋರು ಯಾರು? ಬಸ್ಸಲ್ಲಿ ಓಡಾಡಿದ್ದಕ್ಕೇ ಹೀಗಾಯ್ತು, ಕೆಲಸ ಬಿಡದೇ ಇದ್ದಿದ್ದಕ್ಕೇ ಹೀಗಾಯ್ತು ಅಂತ ರಾತ್ರಿಯೆಲ್ಲ ನನ್ನ ಮೇಲೆ ನಾನೇ ಕೇಸು ನಡೆಸುತ್ತಿದ್ದೆ.

ರಾತ್ರಿ ಪಾಳಿಯ ಒಬ್ಬ ಸಿಸ್ಟರ್‌ಗೆ ಮಾತ್ರ ಬೇರೆಯೇ ಮಾರ್ಕ್ಸ್ ಕೊಡಬೇಕು. ಹನ್ನೊಂದನೇ ದಿನ ನನ್ನನ್ನು ಒಳಗೆ ಕರೆದು, ನೈಟಿ ಮುಂದೆ ಬಿಚ್ಚಿಸಿ, ವೈರುಗಳ ಸಮೇತ ಮಗುವನ್ನು ಎದೆ ಮೇಲೆ ಮಲಗಿಸಿ ಬಟ್ಟೆ ಕಟ್ಟಿದರು. ಕಾಂಗರೂ ಆರೈಕೆ ಅಂತಾರೆ, 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಗಿದ್ದು. ಮಗಳ ಕಾಲು ನನ್ನ ಹೆಬ್ಬೆರಳಿನಷ್ಟಿತ್ತು. ಅವಳು ಉಸಿರು ಬಿಟ್ಟಾಗ ನನ್ನ ಚರ್ಮಕ್ಕೆ ಬಿಸಿ ತಾಗುತ್ತಿತ್ತು. ಒಂದು ಗಂಟೆ ಮಾನಿಟರ್ ಕಡೆ ತಿರುಗಿ ನೋಡಲಿಲ್ಲ ನಾನು. ಆದರೆ ಸಿಸ್ಟರ್ ಡ್ಯೂಟಿ ಬದಲಾದ ಮೇಲೆ ಅದೂ ವಾರಕ್ಕೆ ಎರಡು ಸಲಕ್ಕೆ ಇಳಿಯಿತು. ಸರ್ಕಾರಿ ನವಜಾತ ಶಿಶು ಘಟಕಗಳಲ್ಲಿ ಅಪ್ಪ ಅಮ್ಮನನ್ನೂ ಆರೈಕೆಗೆ ಸೇರಿಸಿಕೊಳ್ಳಬೇಕು ಅಂತ 2017ರಲ್ಲೇ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ ಬಂದಿದೆ. ಇಷ್ಟು ದುಡ್ಡು ಕಟ್ಟುವ ಕಡೆ ಯಾಕಾಗಲ್ಲ?

ಮನೆಗೆ ಬಂದ ಮೇಲೆ ಎಲ್ಲರೂ 'ಮಗು ಚೆನ್ನಾಗಿದೆಯಲ್ಲ, ಇನ್ನೇನು' ಅಂದರು. ನನಗೆ ಶುರುವಾಗಿದ್ದೇ ಆವಾಗ. ಬೆಳಿಗ್ಗೆ ಹಾಲಿನ ವ್ಯಾನ್ ರಿವರ್ಸ್ ತೆಗೆಯುವಾಗ ಬೀಪ್ ಬೀಪ್ ಅನ್ನುತ್ತಲ್ಲ, ಅದಕ್ಕೇ ಎದ್ದು ಓಡುತ್ತಿದ್ದೆ. ನಮ್ಮೆಜಮಾನರು ರಾತ್ರಿ ಎದ್ದು ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿರುತ್ತಿದ್ದರು, ಕೇಳಿದರೆ 'ಏನಿಲ್ಲ, ಸುಮ್ನೆ' ಅನ್ನೋರು.

ಲಸಿಕೆ ಹಾಕಿಸಲು ಹೋದಾಗ ಬೇರೆ ಕ್ಲಿನಿಕ್‌ನ ಡಾಕ್ಟರ್ ಒಂದು ಹಾಳೆ ಕೊಟ್ಟರು. ಹೆರಿಗೆ ನಂತರದ ಖಿನ್ನತೆ ಇದೆಯಾ ಅಂತ ನೋಡುವ ಎಡಿನ್‌ಬರೋ ಪ್ರಶ್ನಾವಳಿ, ಹತ್ತೇ ಪ್ರಶ್ನೆ, 1987ರಿಂದ ಬಳಕೆಯಲ್ಲಿದೆ, ತುಂಬಲು ಐದು ನಿಮಿಷ ಸಾಕು. 30ಕ್ಕೆ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರಿಗೆ ತೋರಿಸಿ ಅಂತಾರೆ. ನನ್ನದು 17. ಹೆರಿಗೆಯಾದ ಮೊದಲ ಒಂದೆರಡು ವಾರ ಅಳು ಬರೋದು ಮಾಮೂಲಿ, ಅದು ದಾಟಿಯೂ ನಿಲ್ಲದಿದ್ದರೆ ಕಾಯಿಲೆ ಇರಬಹುದು ಅಂತ ಅವತ್ತು ಗೊತ್ತಾಯಿತು. ಮನೋವೈದ್ಯರ ಹತ್ತಿರ ಹೋದೆ. ಹಾಲು ಕುಡಿಸುವಾಗಲೂ ತಗೊಳ್ಳಬಹುದಾದ ಮಾತ್ರೆ ಇದೆಯಂತೆ, ಕೊಟ್ಟರು. ಈಗ ಎಷ್ಟೋ ವಾಸಿ. ಯಜಮಾನರು ಡಾಕ್ಟರ್ ಹತ್ತಿರ ಬರಲು ಒಪ್ಪದೆ, ಮಹಡಿ ಮೇಲೆ ಹೋಗಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯೂ ಇರುತ್ತೆ. ಅಪ್ಪಂದಿರಿಗೂ ಇದು ಬರುತ್ತೆ ಅಂತ ಅಲ್ಲಿ ಹೇಳಿದರಂತೆ. ಕೆಳಗಿಳಿದು ಬಂದಾಗ ಕಣ್ಣು ಕೆಂಪಗಿತ್ತು, ನಾನೇನೂ ಕೇಳಲಿಲ್ಲ.

ಈ ಹಾಳೆಯನ್ನು ಆಸ್ಪತ್ರೆಯವರೇ ಆ ಬೋರ್ಡ್ ಕೆಳಗೆ ಕೊಡಬಹುದಿತ್ತು. ಖರ್ಚು ಒಂದು ಜೆರಾಕ್ಸ್.

ಹೋಗುವವರಿಗೆ: ಮಗುವಿಗೆ ಧೈರ್ಯವಾಗಿ ಹೋಗಿ. ಕಾಂಗರೂ ಆರೈಕೆಯನ್ನು ನೀವೇ ಕೇಳಿ ಮಾಡಿಸಿಕೊಳ್ಳಿ, ಅವರಾಗಿ ಕರೆಯಲ್ಲ. ಕೂರೋಕೆ ಒಂದು ದಿಂಬು, ಒಂದು ಸ್ವೆಟರ್ ಇರಲಿ. ಆ ಕಾರಿಡಾರಿನಲ್ಲಿ ಏಸಿ ಜಾಸ್ತಿ.