ಮನೆಗೆಲಸದಾಕೆಯ ಮಾತ್ರೆ ಮತ್ತು ನಾಡಾದ ಆ್ಯಪ್: ಮೈಸೂರಿನ ಓಟಗಾರರಿಗೆ ಇದು ಎಷ್ಟು ಉಪಯೋಗ?

2024ರ ಅಕ್ಟೋಬರ್ 13ರಂದು ಕೆನ್ಯಾದ ರುತ್ ಚೆಪಂಗೆಟಿಚ್ ಶಿಕಾಗೊ ಮ್ಯಾರಥಾನನ್ನು 2 ಗಂಟೆ 9 ನಿಮಿಷ 56 ಸೆಕೆಂಡಿಗೆ ಮುಗಿಸಿದರು. ಮಹಿಳೆಯರಲ್ಲಿ 2 ಗಂಟೆ 10 ನಿಮಿಷದ ಗೆರೆ ದಾಟಿದವರು ಅವರೇ ಮೊದಲು. ಐದು ತಿಂಗಳಾದ ಮೇಲೆ, 2025ರ ಮಾರ್ಚ್ 14ರಂದು ಕೊಟ್ಟ ಮೂತ್ರದಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಎಂಬ, ಕ್ರೀಡಾಪಟುಗಳಿಗೆ ನಿಷಿದ್ಧವಾದ ಬಿಪಿ ಔಷಧಿ ಸಿಕ್ಕಿತು. ಹೇಗೆ ಬಂತೋ ಗೊತ್ತಿಲ್ಲ ಅಂದರು ಮೊದಲು. ಆಮೇಲೆ, ಮೈ ಹುಷಾರಿಲ್ಲದಾಗ ಮನೆಗೆಲಸದಾಕೆಯ ಮಾತ್ರೆ ನುಂಗಿದ್ದೆ ಅಂದರು. ಕೊನೆಗೆ ತಪ್ಪೊಪ್ಪಿಕೊಂಡರು. ಅಕ್ಟೋಬರ್‌ನಲ್ಲಿ ಮೂರು ವರ್ಷದ ನಿಷೇಧ ಪ್ರಕಟವಾಯಿತು. ಬೇಗ ಒಪ್ಪಿಕೊಂಡಿದ್ದಕ್ಕೆ ಒಂದು ವರ್ಷ ರಿಯಾಯಿತಿ, ಇಲ್ಲದಿದ್ದರೆ ನಾಲ್ಕು. ಶಿಕಾಗೊ ದಾಖಲೆ ಮಾರ್ಚ್‌ಗಿಂತ ಹಿಂದಿನದು, ಹಾಗಾಗಿ ಅದು ಪಟ್ಟಿಯಲ್ಲಿ ಹಾಗೇ ಉಳಿದಿದೆ.

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಇದನ್ನು ಮಾತಾಡಿದರೆ ಎರಡೇ ಪಕ್ಷ. ‘ಪಾಪ, ಬಿಪಿ ಮಾತ್ರೆ ಕಣ್ರೀ, ಅದರಿಂದ ಯಾರು ಜೋರಾಗಿ ಓಡ್ತಾರೆ’ ಅನ್ನುವವರು ಒಂದು ಕಡೆ. ‘ಆ ಟೈಮಿಂಗ್ ನೋಡಿದಾಗಲೇ ಅನ್ಕೊಂಡೆ’ ಅನ್ನುವವರು ಇನ್ನೊಂದು ಕಡೆ. ಮೊದಲ ಪಕ್ಷಕ್ಕೆ ಒಂದು ಲೆಕ್ಕ ಹೇಳಬೇಕು. ಬೇರೆ ಔಷಧಿ ತಯಾರಾಗುವ ಯಂತ್ರದಲ್ಲಿ ಈ ಸಾಲ್ಟಿನ, ಅಂದರೆ ಮಾತ್ರೆಯೊಳಗಿನ ಮೂಲ ಮದ್ದಿನ, ಪುಡಿ ಚೂರು ಉಳಿದು ಬೆರೆಯುವುದುಂಟು. ಅದಕ್ಕೇ ವಿಶ್ವ ಉದ್ದೀಪನ ಮದ್ದು ತಡೆ ಘಟಕ, ಅಂದರೆ ವಾಡಾ, ಒಂದು ಮಿತಿ ಇಟ್ಟಿದೆ: ಮಿಲಿಲೀಟರಿಗೆ 20 ನ್ಯಾನೋಗ್ರಾಂ ದಾಟದಿದ್ದರೆ ಪಾಸಿಟಿವ್ ಎಂದು ವರದಿಯಾಗುವುದಿಲ್ಲ. ಚೆಪಂಗೆಟಿಚ್ ಮಾದರಿಯಲ್ಲಿ ಇದ್ದದ್ದು 3,800, ಅಂದರೆ ಮಿತಿಯ 190 ಪಟ್ಟು. ಬರೀ ಬೆರಕೆಯಿಂದ ಇಷ್ಟು ಬರುವುದಿಲ್ಲ, ಮಾತ್ರೆ ನುಂಗಿದ್ದಂತೂ ಹೌದು. ಇನ್ನು ಈ ಮಾತ್ರೆ ಓಟದ ವೇಗ ಹೆಚ್ಚಿಸದು, ನಿಜ. ಆದರೆ ಮೂತ್ರ ಹೆಚ್ಚು ಹರಿಸಿ, ಬೇರೆ ಮದ್ದಿದ್ದರೆ ಅದನ್ನು ತೆಳುವಾಗಿಸುತ್ತದೆ. ನಿಷೇಧ ಇರುವುದು ಆ ಕಾರಣಕ್ಕೆ.

ಎರಡನೇ ಪಕ್ಷದವರು ಮರೆಯುವುದು ಇನ್ನೊಂದನ್ನು. ಇದೇ ಸಾಲ್ಟ್ ಮೈಸೂರಿನ ಎಷ್ಟೋ ಅಡುಗೆಮನೆಗಳ ಫ್ರಿಜ್ ಮೇಲಿನ ಡಬ್ಬಿಯಲ್ಲಿ ಇದೆ. ಟೆಲ್ಮಿಸಾರ್ಟನ್ ಜೊತೆ 12.5 ಮಿ.ಗ್ರಾಂ ಹೈಡ್ರೋಕ್ಲೋರೋಥಯಾಜೈಡ್ ಸೇರಿಸಿದ ಬಿಪಿ ಮಾತ್ರೆಗೆ ನಮ್ಮಲ್ಲಿ ಹೆಸರಿನ ಕೊನೆಗೆ ಒಂದು ‘ಎಚ್’ ಅಂಟಿಸಿರುತ್ತಾರೆ, ಅಷ್ಟೇ ಗುರುತು. ಅಪ್ಪನ ಡಬ್ಬಿಯಿಂದ ಎತ್ತಿಕೊಂಡ ಮಾತ್ರೆ ಯಾವುದು ಅಂತ ಓಟಗಾರನಿಗೆ ಮೊದಲೇ ತಿಳಿಸುವ ಸಲಕರಣೆ ಇದೆಯೇ? ಇದೆ, ಪುಕ್ಕಟೆ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ, ಅಂದರೆ ನಾಡಾದ, ‘ನೋ ಯುವರ್ ಮೆಡಿಸಿನ್’ ಆ್ಯಪ್. ಈ ವಿಮರ್ಶೆ ಅದರದ್ದು.

ಕೆಲಸ ಸರಳ. ಔಷಧಿಯ ಹೆಸರು ಕೊಟ್ಟರೆ ಅದು ನಿಷೇಧಿತವೋ ಅಲ್ಲವೋ ಹೇಳುತ್ತದೆ. ಫೋಟೊ ಕೊಟ್ಟು, ಬಾಯಲ್ಲಿ ಹೇಳಿ ಹುಡುಕುವ ಸೌಲಭ್ಯವೂ ಇದೆ, ಯಾವ ಆಟ ಅನ್ನುವುದನ್ನೂ ಆರಿಸಿಕೊಳ್ಳಬಹುದು. ಆಟದ ಆಯ್ಕೆ ಇದ್ದದ್ದು ಒಳ್ಳೆಯದೇ ಆಯಿತು: ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಬೀಟಾ ಬ್ಲಾಕರ್ ಶೂಟಿಂಗು, ಬಿಲ್ಲುಗಾರಿಕೆಯವರಿಗೆ ನಿಷಿದ್ಧ, ಮ್ಯಾರಥಾನ್ ಓಡುವವರಿಗೆ ಅಲ್ಲ. ವಿದೇಶಿ ಓಟಗಾರರು ಹೊಗಳುವ ಇಂಥದ್ದೇ ಜಾಲತಾಣ ‘ಗ್ಲೋಬಲ್ ಡಿಆರ್‌ಒ’ ನಮಗೆ ಅಷ್ಟು ಒದಗುವುದಿಲ್ಲ. ಅದರ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ, ಸಯ್ಯಾಜಿರಾವ್ ರಸ್ತೆಯ ಮೆಡಿಕಲ್ಸ್‌ನಲ್ಲಿ ಸಿಗುವ ಬ್ರ್ಯಾಂಡ್ ಅದಕ್ಕೆ ಗೊತ್ತಿರುವುದಿಲ್ಲ.

ಆದರೆ ಬಳಸುವ ರೀತಿ ಸರಿಯಿಲ್ಲದಿದ್ದರೆ ನಾಡಾದ ಆ್ಯಪೂ ಕೈಕೊಡುತ್ತದೆ. ಬ್ರ್ಯಾಂಡ್ ಹೆಸರು ಹಾಕಬೇಡಿ, ಸಾಲ್ಟ್ ಹೆಸರು ಹಾಕಿ. ಒಂದೇ ಬ್ರ್ಯಾಂಡಿನ ಕೆಳಗೆ ಸಾದಾ, ‘ಎಚ್’, ‘ಎಎಂ’, ‘ಸಿಟಿ’ ಅಂತ ನಾಲ್ಕು ಮಾತ್ರೆ ಇರುತ್ತವೆ. ‘ಎಎಂ’ನಲ್ಲಿ ಇರುವುದು ಆಮ್ಲೋಡಿಪಿನ್, ತೊಂದರೆ ಇಲ್ಲ. ‘ಸಿಟಿ’ಯಲ್ಲಿ ಕ್ಲೋರ್ಥಾಲಿಡೋನ್, ಅದೂ ನಿಷಿದ್ಧ ಮೂತ್ರವರ್ಧಕವೇ. ಬರೀ ಮೊದಲ ಪದ ಹಾಕಿ ‘ನಿಷೇಧ ಇಲ್ಲ’ ಅನ್ನುವ ಉತ್ತರ ನೋಡಿ ನಿಶ್ಚಿಂತರಾದವರೇ ಸಿಕ್ಕಿಬೀಳುವುದು. ಎರಡು ಮೂರು ಸಾಲ್ಟ್ ಇದ್ದರೆ ಒಂದೊಂದನ್ನೂ ಬೇರೆ ಬೇರೆಯಾಗಿ ಹುಡುಕಬೇಕು.

ಅಂಗಡಿಯಲ್ಲಿ ಎರಡು ಅಡಚಣೆ. ನಾಲ್ಕು ಮಾತ್ರೆ ಕೇಳಿದರೆ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ, ಹೆಸರು ಬ್ಯಾಚು ಎಲ್ಲ ಆ ಕಡೆ ತುಂಡಲ್ಲಿ ಉಳಿಯುತ್ತದೆ. ಫೋಟೊ ತೆಗೆಯಲು ಏನೂ ಇರುವುದಿಲ್ಲ. ಕತ್ತರಿಸುವ ಮೊದಲೇ ಪೂರ್ತಿ ಸ್ಟ್ರಿಪ್ಪಿನ ಹಿಂಬದಿ ಫೋಟೊ ತೆಗೆದುಕೊಳ್ಳಿ. ಇನ್ನೊಂದು, ಚೀಟಿಯಲ್ಲಿ ಬರೆದ ಬ್ರ್ಯಾಂಡ್ ಇಲ್ಲದಾಗ ‘ಅದೇ ಕಂಟೆಂಟು ಅಣ್ಣಾ, ಕಂಪನಿ ಬೇರೆ ಅಷ್ಟೇ’ ಅಂತ ಬೇರೆ ಕೊಡುವುದು. ಕಂಟೆಂಟು ಅದೇ ಇದ್ದರೂ ಮತ್ತೆ ಓದಿ ನೋಡಿ. ಜನೌಷಧಿ ಕೇಂದ್ರದ ಮಾತ್ರೆಯಲ್ಲಿ ಈ ತಲೆನೋವಿಲ್ಲ, ಅಲ್ಲಿ ಸಾಲ್ಟ್ ಹೆಸರೇ ಮಾತ್ರೆಯ ಹೆಸರು. 2023ರ ಆಗಸ್ಟ್‌ನಿಂದ 300 ಹೆಚ್ಚು ಓಡುವ ಬ್ರ್ಯಾಂಡ್‌ಗಳಿಗೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಸ್ಕ್ಯಾನ್ ಮಾಡಿದರೆ ಸಾಲ್ಟ್, ಬ್ಯಾಚ್ ಎರಡೂ ಬರುತ್ತವೆ.

ಓಟಗಾರರು ಗೊತ್ತಿಲ್ಲದೇ ಎಡವುವ ಔಷಧಿಗಳಲ್ಲಿ ಮೊದಲನೆಯದು ಕೆಮ್ಮಿನ ಸಿರಪ್. ನಮ್ಮಲ್ಲಿ ಕಫದ ಸಿರಪ್ಪುಗಳಲ್ಲಿ ಟರ್ಬುಟಲಿನ್ ಸಾಮಾನ್ಯ, ಅದು ಎಲ್ಲ ಕಾಲಕ್ಕೂ ನಿಷಿದ್ಧ. ಸಾಲ್ಬುಟಮಾಲ್, ಲೆವೊಸಾಲ್ಬುಟಮಾಲ್ ಸಿರಪ್ ಅಥವಾ ಮಾತ್ರೆಯೂ ಅಷ್ಟೇ. ಆದರೆ ಅದೇ ಸಾಲ್ಬುಟಮಾಲ್ ಇನ್‌ಹೇಲರ್‌ನಲ್ಲಿ ಎಳೆದುಕೊಂಡರೆ ದಿನಕ್ಕೆ 1,600 ಮೈಕ್ರೋಗ್ರಾಂವರೆಗೆ ಅನುಮತಿ ಇದೆ, ಎಂಟು ಗಂಟೆಯಲ್ಲಿ 600 ಮೀರಬಾರದು. ಒಂದೇ ಮದ್ದು, ಬಾಯಿಂದ ಕುಡಿದರೆ ತಪ್ಪು, ಸೇದಿದರೆ ಸರಿ. ‘ನಿಷಿದ್ಧ’ ಎಂಬ ಒಂದು ಪದ ಕಂಡೊಡನೆ ಆ್ಯಪ್ ಮುಚ್ಚುವ ಅವಸರದ ಜನ ಈ ವ್ಯತ್ಯಾಸ ತಪ್ಪಿಸಿಕೊಳ್ಳುತ್ತಾರೆ. ಹೇಗೆ ತೆಗೆದುಕೊಳ್ಳುತ್ತೀರಿ ಅನ್ನುವುದನ್ನೂ ಸೇರಿಸಿ ಓದಬೇಕು.

ಲಡಾಖ್ ಮ್ಯಾರಥಾನಿಗೆ ಹೊರಡುವವರು ಎತ್ತರದ ತಲೆಸುತ್ತಿಗೆಂದು ಅಸೆಟಜೋಲಮೈಡ್ ಮಾತ್ರೆ ಕಟ್ಟಿಕೊಳ್ಳುತ್ತಾರೆ. ಪ್ರವಾಸಿಗಳಿಗೆ ಅದು ಸರಿ. ಓಟಗಾರರಿಗೆ ಅದು ಚೆಪಂಗೆಟಿಚ್ ಸಿಕ್ಕಿಬಿದ್ದ ಗುಂಪಿನದೇ ಮಾತ್ರೆ. ಮೊಡವೆಗೆ, ಪಿಸಿಒಡಿಗೆ ಹೆಣ್ಣುಮಕ್ಕಳಿಗೆ ಬರೆದುಕೊಡುವ ಸ್ಪೈರೊನೊಲ್ಯಾಕ್ಟೋನ್ ಕೂಡ ಅದೇ ಗುಂಪು. ಚರ್ಮದ ಡಾಕ್ಟರಿಗೆ ‘ನಾನು ಸ್ಪರ್ಧೆಗೆ ಓಡ್ತೀನಿ’ ಅಂತ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಮಂಡಿ ನೋವಿಗೆ ಕೊಡುವ ಟ್ರಮಡಾಲ್ 2024ರ ಜನವರಿ 1ರಿಂದ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ, ಪ್ಯಾರಸಿಟಮಾಲ್ ಜೊತೆ ಬೆರೆಸಿದ ಮಾತ್ರೆಯಲ್ಲೂ ಅದು ಇರುತ್ತದೆ. ಬರೀ ಪ್ಯಾರಸಿಟಮಾಲ್, ಡೈಕ್ಲೊಫೆನ್ಯಾಕ್‌ಗೆ ಅಡ್ಡಿ ಇಲ್ಲ. ಕಾಫಿಗೂ ಇಲ್ಲ, ಫಿಲ್ಟರ್ ಧಾರಾಳವಾಗಿ ಕುಡಿಯಿರಿ. ಕೆಫೀನ್ ನಿಷೇಧದ ಪಟ್ಟಿಯಿಂದ 2004ರಲ್ಲೇ ಹೊರಬಿದ್ದಿದೆ.

ಇಂಗ್ಲಿಷ್ ಮಾತ್ರೆಯ ಮಟ್ಟಿಗೆ ಆ್ಯಪಿಗೆ ಐದಕ್ಕೆ ನಾಲ್ಕು ಕೊಡಬಹುದು. ಅದರಾಚೆ ಅಂಕ ಇಳಿಯುತ್ತದೆ. ತಪ್ಪು ಆ್ಯಪಿನದಲ್ಲ, ಹೆಸರು ಕೇಳಿ ಉತ್ತರ ಹೇಳುವ ಯಾವ ಸಲಕರಣೆಯೂ ಇಷ್ಟೇ ಮಾಡಬಲ್ಲುದು.

ಉದಾಹರಣೆಗೆ ಡ್ರಿಪ್. ಬೇಸಿಗೆಯ ಓಟ ಮುಗಿಸಿ ಸುಸ್ತಾದರೆ ‘ಒಂದು ಬಾಟಲ್ ಗ್ಲೂಕೋಸ್ ಹಾಕ್ಸಿ’ ಅನ್ನುವುದು ಮೈಸೂರು, ಮಂಡ್ಯದಲ್ಲಿ ಮನೆಮಾತು. ಸಲೈನೂ ಗ್ಲೂಕೋಸೂ ನಿಷೇಧಿತ ವಸ್ತುಗಳಲ್ಲ, ಹುಡುಕಿದರೆ ತೊಂದರೆ ಏನೂ ಕಾಣುವುದಿಲ್ಲ. ನಿಷೇಧ ಇರುವುದು ವಿಧಾನದ ಮೇಲೆ: 12 ಗಂಟೆಯಲ್ಲಿ 100 ಮಿಲಿಲೀಟರ್ ಮೀರಿ ರಕ್ತನಾಳಕ್ಕೆ ಏನನ್ನೇ ಹಾಯಿಸಿದರೂ ನಿಯಮ ಮುರಿದಂತೆ. ಆಸ್ಪತ್ರೆಯ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ರೋಗಪತ್ತೆಯ ಪರೀಕ್ಷೆಗೆ ಮಾತ್ರ ವಿನಾಯಿತಿ. ಕ್ಲಿನಿಕ್ಕಿನ 500 ಮಿ.ಲೀ. ಬಾಟಲ್ ಮಿತಿಯ ಐದು ಪಟ್ಟು. ರಕ್ತ ಕಡಿಮೆ ಇದೆಯೆಂದು 250 ಮಿ.ಲೀ. ಸಲೈನಿನಲ್ಲಿ ಕಬ್ಬಿಣಾಂಶ ಬೆರೆಸಿ ಏರಿಸುವುದೂ ಇದೇ ಲೆಕ್ಕಕ್ಕೆ ಬರುತ್ತದೆ, ಕಬ್ಬಿಣ ನಿಷಿದ್ಧವಲ್ಲದಿದ್ದರೂ. ಓಆರ್‌ಎಸ್ ಕುಡಿದು ನೆರಳಲ್ಲಿ ಮಲಗಿ. ನಿಜಕ್ಕೂ ಪ್ರಜ್ಞೆ ತಪ್ಪುವ ಹಾಗಿದ್ದರೆ ಆಸ್ಪತ್ರೆಗೆ ದಾಖಲಾಗಿ, ಡಿಸ್‌ಚಾರ್ಜ್ ಕಾಗದ ಜೋಪಾನ ಮಾಡಿ.

ಮಂಡಿಗೆ ಹಾಕಿಸುವ ಸ್ಟೆರಾಯ್ಡ್ ಇಂಜೆಕ್ಷನ್ ವಿಷಯದಲ್ಲಿ ದಿನದ ಲೆಕ್ಕ ಮುಖ್ಯ. 2022ರಿಂದ ಸ್ಪರ್ಧೆಯ ಅವಧಿಗೆ ಈ ಜಾತಿಯ ಸ್ಟೆರಾಯ್ಡ್‌ಗಳ (ಗ್ಲೂಕೋಕಾರ್ಟಿಕಾಯ್ಡ್) ಎಲ್ಲ ಬಗೆಯ ಇಂಜೆಕ್ಷನ್ ನಿಷಿದ್ಧ. ಕೀಲಿನೊಳಗೆ ಹಾಕಿದ ಮೀಥೈಲ್‌ಪ್ರೆಡ್ನಿಸೊಲೋನ್ ಮೂರು ದಿನದಲ್ಲಿ ಮುಗಿಯುತ್ತದೆ ಎಂದು ವಾಡಾ ಲೆಕ್ಕ, ಟ್ರಯಾಮ್ಸಿನೊಲೋನ್ ಆದರೆ ಹತ್ತು ದಿನ. ಅದೇ ಟ್ರಯಾಮ್ಸಿನೊಲೋನನ್ನು ಸೊಂಟದ ಸ್ನಾಯುವಿಗೆ ಚುಚ್ಚಿದರೆ 60 ದಿನ. ದಸರಾ ಕ್ರೀಡಾಕೂಟಕ್ಕೆ ಚಾಮುಂಡಿ ವಿಹಾರದಲ್ಲಿ ಓಡುವ ಯೋಚನೆ ಇದ್ದವರು ಶ್ರಾವಣದಲ್ಲೇ ಡಾಕ್ಟರ ಹತ್ತಿರ ಈ ಮಾತು ಎತ್ತಬೇಕು.

ಆಯುರ್ವೇದದಲ್ಲಿ ಆ್ಯಪ್ ಇನ್ನೂ ಸೋಲುತ್ತದೆ, ಯಾಕೆಂದರೆ ಲೇಬಲ್ ಮೇಲೆ ಗಿಡದ ಹೆಸರಿರುತ್ತದೆ, ನಿಷೇಧದ ಪಟ್ಟಿಯಲ್ಲಿ ರಾಸಾಯನಿಕದ ಹೆಸರು. ಉಬ್ಬಸದ ಚೂರ್ಣದ ‘ಸೋಮಲತಾ’ದಲ್ಲಿ ಎಫೆಡ್ರಿನ್ ಇದೆ. ನರ, ಸೊಂಟ ನೋವಿನ ಮಾತ್ರೆಗಳ ‘ಕುಪೀಲು’, ‘ವಿಷಮುಷ್ಟಿ’ ಅಂದರೆ ನಮ್ಮ ಕಾಸರಕವೇ, ಅದರಲ್ಲಿರುವುದು ಸ್ಟ್ರಿಕ್ನಿನ್. ಎರಡೂ ಸ್ಪರ್ಧೆಯ ಅವಧಿಗೆ ನಿಷಿದ್ಧ ಉದ್ದೀಪಕಗಳು. ‘ಗಿಡಮೂಲಿಕೆ ತಾನೇ’ ಅನ್ನುವ ಸಮಾಧಾನ ಲ್ಯಾಬಿನ ಯಂತ್ರಕ್ಕೆ ಅರ್ಥವಾಗುವುದಿಲ್ಲ.

ಇನ್ನು ಪ್ರೋಟೀನ್, ಪ್ರೀ ವರ್ಕೌಟ್ ಡಬ್ಬಿಗಳು. ಇಲ್ಲಿ ಆ್ಯಪಿಗೆ ಸೊನ್ನೆ. ಲೇಬಲ್ ಮೇಲೆ ಬರೆದದ್ದು ಸಾಮಾನ್ಯವಾಗಿ ಶುದ್ಧವಾಗಿಯೇ ಇರುತ್ತದೆ, ಹೆಚ್ಚಾಗಿ ಸಿಕ್ಕಿಹಾಕಿಸುವುದು ಬರೆಯದೇ ಬಿಟ್ಟದ್ದು. ಡಬ್ಬಿ ಕೊಳ್ಳಲೇಬೇಕೆಂದರೆ ‘ಇನ್ಫಾರ್ಮ್ಡ್ ಸ್ಪೋರ್ಟ್’ ಅಥವಾ ‘ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್’ ಮುದ್ರೆ ಇದ್ದದ್ದನ್ನು ಕೊಳ್ಳಿ. ಮುದ್ರೆ ನೋಡಿ ಸುಮ್ಮನಾಗದೆ ತಳದಲ್ಲಿರುವ ಬ್ಯಾಚ್ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ತಾಳೆ ನೋಡಿ. ಪರೀಕ್ಷೆ ಆಗುವುದು ಬ್ಯಾಚಿಗೆ. ಜಿಮ್ಮಿನಲ್ಲಿ ಬಿಡಿಯಾಗಿ ಚಮಚ ಲೆಕ್ಕದಲ್ಲಿ ಮಾರುವ ಪುಡಿ ಬೇಡವೇ ಬೇಡ, ಅದಕ್ಕೆ ಬ್ಯಾಚೂ ಇಲ್ಲ, ಊರೂ ಇಲ್ಲ. ಆಹಾರ ಸಂಶೋಧನೆಯ ಕೇಂದ್ರ ಸಂಸ್ಥೆ ಸಿಎಫ್‌ಟಿಆರ್‌ಐ ಮೈಸೂರಲ್ಲೇ ಇದೆ, ಆಹಾರದ ವಿಜ್ಞಾನಕ್ಕೆ ಇಲ್ಲಿ ಬರವಿಲ್ಲ. ಆದರೆ ದೇಶದಲ್ಲಿ ವಾಡಾ ಮಾನ್ಯತೆಯ ಉದ್ದೀಪನ ಪರೀಕ್ಷೆಯ ಲ್ಯಾಬ್ ಇರುವುದು ದೆಹಲಿಯಲ್ಲಿ ಮಾತ್ರ.

ಬಿಪಿ ಇದ್ದು ಮಾಸ್ಟರ್ಸ್ ಕೂಟಗಳಲ್ಲಿ ಓಡುವ ಐವತ್ತು ದಾಟಿದವರು ಇದನ್ನೆಲ್ಲ ಓದಿ ಮಾತ್ರೆ ನಿಲ್ಲಿಸಬೇಡಿ. ‘ಎಚ್’ ಇಲ್ಲದ ಬದಲಿ ಆದೀತೇ ಎಂದು ಡಾಕ್ಟರನ್ನು ಕೇಳಿ. ಆಗದಿದ್ದರೆ ಚಿಕಿತ್ಸಾ ವಿನಾಯಿತಿ, ಟಿಯುಇ, ಇದೆ. ರಾಷ್ಟ್ರಮಟ್ಟದವರು ಸ್ಪರ್ಧೆಗೆ 30 ದಿನ ಮೊದಲೇ ನಾಡಾಗೆ ಅರ್ಜಿ ಹಾಕಬೇಕು, ಹವ್ಯಾಸಿ ಓಟಗಾರರು ಪರೀಕ್ಷೆಯಾದ ಮೇಲೂ ಕೇಳಬಹುದು. ಹಳೆಯ ಚೀಟಿ, ಬಿಪಿ ದಾಖಲೆ ಕೈಯಲ್ಲಿರಬೇಕು.

ಅಭಿಮಾನಿಗಳ ವಿಷಯಕ್ಕೆ ಮರಳಿದರೆ, ತಪ್ಪೊಪ್ಪಿಗೆಯನ್ನು ಜನ ತೂಗುವುದು ಅದಕ್ಕೆ ಮೊದಲು ಆಡಿದ ಮಾತಿನ ಪಕ್ಕ ಇಟ್ಟು. ಅಮೆರಿಕದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2013ರ ಜನವರಿಯಲ್ಲಿ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ಎದುರು ಕೂತು ಏಳೂ ಟೂರ್ ಡಿ ಫ್ರಾನ್ಸ್‌ಗಳಲ್ಲಿ ಕೆಂಪು ರಕ್ತಕಣ ಹೆಚ್ಚಿಸುವ ಇಪಿಒ ಮದ್ದು, ರಕ್ತ ಏರಿಸಿಕೊಳ್ಳುವುದು ಎಲ್ಲ ಇತ್ತೆಂದು ಒಪ್ಪಿದಾಗ, ಅದಕ್ಕೂ ಹಿಂದೆ ವರ್ಷಗಟ್ಟಲೆ ಅಲ್ಲಗಳೆದದ್ದು, ಸತ್ಯ ಹೇಳಿದವರ ಮೇಲೆ ಹರಿಹಾಯ್ದದ್ದು ಜನಕ್ಕೆ ನೆನಪಿತ್ತು. ಚೆಪಂಗೆಟಿಚ್‌ಗೂ ಮಾತು ಮತ್ತೆ ಮತ್ತೆ ಬದಲಾದದ್ದೇ ಮುಳುವಾಯಿತು. ಪಕ್ಕದವರ ಮಾತ್ರೆಯನ್ನು ಏನೆಂದು ನೋಡದೆ ನುಂಗುವುದು ವಿಶ್ವದಾಖಲೆಯ ಓಟಗಾರ್ತಿಗೆ ಸಲ್ಲದ ಬೇಜವಾಬ್ದಾರಿ ಎಂದೇ ಶಿಕ್ಷೆ ಎರಡರಿಂದ ನಾಲ್ಕು ವರ್ಷಕ್ಕೆ ಏರಿ, ಮತ್ತೆ ಮೂರಕ್ಕೆ ಇಳಿದದ್ದು.

ಆ್ಯಪಿನ ದೊಡ್ಡ ಉಪಯೋಗ ಇಲ್ಲೇ ಇದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ದೇಹದೊಳಗೆ ಏನು ಸಿಕ್ಕರೂ ಹೊಣೆ ಓಟಗಾರನದೇ. ಆದರೆ ಎಷ್ಟು ಎಚ್ಚರ ವಹಿಸಿದ್ದ ಅನ್ನುವುದರ ಮೇಲೆ ಶಿಕ್ಷೆ ಹೆಚ್ಚು ಕಡಿಮೆ ಆಗುತ್ತದೆ, ಆ ಎಚ್ಚರಕ್ಕೆ ದಾಖಲೆ ಬೇಕು. ಪ್ರತಿ ಹುಡುಕಾಟದ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ ಇಟ್ಟುಕೊಳ್ಳಿ, ಜೊತೆಗೆ ಅದೇ ಸ್ಟ್ರಿಪ್ಪಿನ ಹಿಂಬದಿ ಫೋಟೊ ಮತ್ತು ಬಿಲ್. ಡಬ್ಬಿಯಾದರೆ ಅದೇ ಬ್ಯಾಚಿನ ಇನ್ನೊಂದನ್ನು ಸೀಲ್ ಒಡೆಯದೆ ಅಟ್ಟದ ಮೇಲಿಡಿ. ಬೆರಕೆ ಎಂದು ವಾದಿಸುವ ದಿನ ಬಂದರೆ ಲ್ಯಾಬ್ ಕೇಳುವುದು ಆ ಒಡೆಯದ ಡಬ್ಬಿಯನ್ನು.