ಸ್ಟಾಕ್‌ಫಿಶ್: ಆಟ ಬಲವಾಯಿತು, ಮಾತು ಕಡಿಮೆಯಾಯಿತು

ಆಟದ ಸ್ಥಿತಿಯನ್ನು ತೂಗಿ ಒಳ್ಳೆಯ ನಡೆ ಹುಡುಕಿಕೊಡುವ ಸ್ಟಾಕ್‌ಫಿಶ್ ಚೆಸ್ ಎಂಜಿನ್ ಅನ್ನು ನಾನು ಅದರ 8ನೇ ಆವೃತ್ತಿಯ ಕಾಲದಿಂದ ಬಳಸುತ್ತಿದ್ದೇನೆ. ಕಾಸು ಕೊಡಬೇಕಾಗಿಲ್ಲ, ಜಾಹೀರಾತಿನ ಕಾಟವಿಲ್ಲ. ಆದರೆ ಇದಕ್ಕೆ ಸ್ವಂತ ಹಲಗೆಯಿಲ್ಲ ಎಂಬುದು ಹೊಸಬರಿಗೆ ಮೊದಲೇ ತಿಳಿದಿರಲಿ. ಇಳಿಸಿಕೊಂಡು ತೆರೆದರೆ ಕಾಣುವುದು ಬರೀ ಕಪ್ಪು ಕಿಟಕಿ. ಕಾಯಿ ನಡೆಸಲು ಅರೇನಾದಂಥ ಬೇರೆ ತಂತ್ರಾಂಶ ಬೇಕು. ಅದೂ ರಗಳೆ ಎನಿಸಿದರೆ ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಬ್ರೌಸರ್‌ನೊಳಗೇ ಓಡುತ್ತದೆ.

ನನ್ನ ತಕರಾರು ಇರುವುದು ಆ ಕಪ್ಪು ಕಿಟಕಿಯಲ್ಲೇ. ಹಳೆಯ ಆವೃತ್ತಿಗಳಲ್ಲಿ ಅಲ್ಲಿ ‘ಇವ್ಯಾಲ್’ ಎಂದು ಟೈಪ್ ಮಾಡಿದರೆ ಒಂದು ಪಟ್ಟಿ ಬರುತ್ತಿತ್ತು. ಕಾಯಿಗಳ ಬೆಲೆಗೆ ಇಷ್ಟು, ಅವುಗಳ ಓಡಾಟಕ್ಕೆ ಇಷ್ಟು, ರಾಜನ ಭದ್ರತೆಗೆ ಇಷ್ಟು, ತಡೆಯುವವರಿಲ್ಲದೆ ಮುನ್ನುಗ್ಗುವ ಕಾಲಾಳಿಗೆ ಇಷ್ಟು. ಬಿಳಿಯದು ಒಂದೆಡೆ, ಕಪ್ಪಿನದು ಇನ್ನೊಂದೆಡೆ. ಕಾಲಾಳು ಹೆಚ್ಚಿದ್ದರೂ ಅಂಕ ಮೈನಸ್ ಏಕೆಂದು ತಲೆಕೆಡಿಸಿಕೊಂಡಾಗ, ಉತ್ತರ ಎಷ್ಟೋ ಸಲ ರಾಜನ ಸಾಲಿನಲ್ಲಿ ಸಿಗುತ್ತಿತ್ತು.

2020ರ ಸೆಪ್ಟೆಂಬರ್‌ನಲ್ಲಿ 12ನೇ ಆವೃತ್ತಿಯೊಂದಿಗೆ ಸ್ಥಿತಿಗೆ ಬೆಲೆ ಕಟ್ಟುವುದನ್ನು ಆಟಗಳಿಂದಲೇ ಕಲಿತ ಎನ್‌ಎನ್‌ಯುಇ ಎಂಬ ಪುಟ್ಟ ನ್ಯೂರಲ್ ನೆಟ್‌ವರ್ಕ್ ಬಂತು. ಜಪಾನಿನ ಯು ನಾಸು ಅವರು 2018ರಲ್ಲಿ ಶೋಗಿ ಎಂಬ ಜಪಾನಿ ಚೆಸ್ ಆಟಕ್ಕೆಂದು ರೂಪಿಸಿದ್ದು ಇದು. ರಾಜ ಎಲ್ಲಿದ್ದಾನೆ, ಉಳಿದ ಕಾಯಿಗಳು ಯಾವ ಯಾವ ಮನೆಯಲ್ಲಿವೆ ಎಂಬುದಷ್ಟೇ ಆಗ ಇದಕ್ಕೆ ಸಿಗುತ್ತಿದ್ದ ಮಾಹಿತಿ. ಒಂದು ನಡೆಗೆ ಒಂದೆರಡು ಕಾಯಿಗಳಷ್ಟೇ ಜಾಗ ಬದಲಿಸುವುದರಿಂದ, ಲೆಕ್ಕವನ್ನು ಮೊದಲಿನಿಂದ ಮಾಡದೆ ಅಷ್ಟನ್ನು ಮಾತ್ರ ತಿದ್ದಿಕೊಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಸೆಕೆಂಡಿಗೆ ಲಕ್ಷಗಟ್ಟಲೆ ಸ್ಥಿತಿಗಳನ್ನು ನೋಡಲು ಸಾಧ್ಯವಾಗುವುದು ಹೀಗೆ.

2023ರಲ್ಲಿ ಆ ಪಟ್ಟಿಯ ಹಿಂದಿದ್ದ ಹಳೆಯ ಸೂತ್ರಗಳನ್ನು ಪೂರ್ತಿ ಕಿತ್ತುಹಾಕಿದರು. ಈಗ ‘ಇವ್ಯಾಲ್’ ಎಂದರೆ ಹಲಗೆಯ ಚಿತ್ರ, ಪ್ರತಿ ಕಾಯಿಯ ಕೆಳಗೆ ಒಂದು ಬೆಲೆ. ಈ ಕುದುರೆಗೆ ನಾಲ್ಕೂ ಚಿಲ್ಲರೆ, ಆ ಕುದುರೆಗೆ ಎರಡೂವರೆ. ಏಕೆಂದು ಕೇಳುವಂತಿಲ್ಲ. ಪಾಠ ಹೇಳುತ್ತಿದ್ದ ಮೇಷ್ಟರು ವರ್ಗವಾಗಿ, ಬರೀ ಅಂಕ ಹಾಕುವ ಪರೀಕ್ಷಕರು ಬಂದ ಹಾಗಾಗಿದೆ.

ನಮ್ಮೊಡನೆ ಆಡುತ್ತಾ ಆಡುತ್ತಾ ಅದು ಕಲಿಯುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಇಲ್ಲ. ಕಲಿಕೆಯೆಲ್ಲ ಮುಗಿದ ನೆಟ್‌ವರ್ಕ್ ಆವೃತ್ತಿಯೊಳಗೇ ಕೂತು ಬರುತ್ತದೆ. ಅದರ ಪಾಠದ ದೊಡ್ಡ ಪಾಲು ಲೀಲಾ ಚೆಸ್ ಜೀರೋ ಎಂಬ ಇನ್ನೊಂದು ಎಂಜಿನ್ ತನ್ನೊಡನೆ ತಾನೇ ಆಡಿಕೊಂಡ ಆಟಗಳದ್ದು. ಮುಂದಿನ ತಿದ್ದುಪಡಿಗಳನ್ನು ಫಿಶ್‌ಟೆಸ್ಟ್‌ನಲ್ಲಿ ಒರೆಗೆ ಹಚ್ಚುತ್ತಾರೆ. ಸ್ವಯಂಸೇವಕರು ಬಿಟ್ಟುಕೊಟ್ಟ ಕಂಪ್ಯೂಟರ್‌ಗಳಲ್ಲಿ ಸಾವಿರಾರು ಆಟ ಆಡಿಸಿ, ಲಾಭ ಕಂಡರಷ್ಟೇ ಒಳಗೆ ಸೇರಿಸುತ್ತಾರೆ.

ಅಂಕದ ಅರ್ಥವೂ ಬದಲಾಗಿದೆ. +1.00 ಎಂದರೆ ಒಂದು ಕಾಲಾಳಿನಷ್ಟು ಮೇಲುಗೈ ಎಂಬುದು ಹಳೆಯ ಮಾತು. 2022ರ 15.1ರಿಂದೀಚೆಗೆ, ಎಂಜಿನ್ ತನ್ನ ಸಮಬಲದ ಎದುರಾಳಿಯ ಮೇಲೆ ಗೆಲ್ಲುವ ಸಾಧ್ಯತೆ ಶೇ 50 ಇದೆ ಎಂದೇ ಅದರ ಅರ್ಥ. ಎಂಜಿನ್‌ನ ಸಮಬಲ ಎನ್ನುವುದನ್ನು ಮರೆಯಬಾರದು.

ಒಂದು ಉದಾಹರಣೆ: 2024ರ ಡಿಸೆಂಬರ್ 12, ಸಿಂಗಪುರ, ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ. ಕಪ್ಪು ಕಾಯಿಗಳ ಗುಕೇಶ್ ಬಳಿ ಒಂದು ಕಾಲಾಳು ಹೆಚ್ಚಿದ್ದರೂ ಎಂಜಿನ್ ಕೊಟ್ಟ ಅಂಕ ಸೊನ್ನೆ, ಅಂದರೆ ಡ್ರಾ. 55ನೇ ನಡೆಯಲ್ಲಿ ಎದುರಾಳಿ ಡಿಂಗ್ ಲಿರೆನ್ ಆನೆಯನ್ನು ಎಫ್2 ಮನೆಗೆ ತಂದು ವಿನಿಮಯಕ್ಕೆ ಒಡ್ಡಿದರು. ಆನೆಗಳು ಹೋದವು. ಗುಕೇಶ್ ತಮ್ಮ ಒಂಟೆಯನ್ನು ಡಿ5ರಲ್ಲಿ ಇಟ್ಟರು. ಎ8ರ ಮೂಲೆಯಲ್ಲಿದ್ದ ಡಿಂಗ್ ಅವರ ಒಂಟೆಗೆ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಒಂಟೆಗಳೂ ಹೋದ ಮೇಲೆ ಕಾಲಾಳುಗಳ ಕೊನೆಯಾಟ ಕಪ್ಪಿನದೇ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಡ್ರಾ ಎಂದಷ್ಟೇ ಸೊನ್ನೆ ಹೇಳುತ್ತದೆ; ಗಂಟೆಗಟ್ಟಲೆ ಕೂತು ದಣಿದವರಿಗೆ ಅದನ್ನು ಕಾಯ್ದುಕೊಳ್ಳುವುದು ಎಷ್ಟು ಕಷ್ಟ ಎಂದು ಹೇಳುವುದಿಲ್ಲ.

ಹಾಗಾಗಿ ನಾನು ಯಾವಾಗಲೂ ಅತ್ಯುತ್ತಮ ಮೂರು ನಡೆಗಳನ್ನು ಅಂಕದೊಡನೆ ಮೂರು ಸಾಲಿನಲ್ಲಿ ತೋರಿಸುವ ಆಯ್ಕೆ ಹಾಕಿಕೊಳ್ಳುತ್ತೇನೆ. ಮೊದಲ ಸಾಲು ಸೊನ್ನೆ, ಎರಡನೆಯದೇ ಮೈನಸ್ ಮೂರು ಎಂದಾದರೆ ಆ ಸೊನ್ನೆಯನ್ನು ನಂಬಿ ಕೂರುವಂತಿಲ್ಲ.

ಎದುರಾಳಿಯಾಗಿ ಮಾತ್ರ ಇದು ನೀರಸ. ಬಲದ ಮಟ್ಟವನ್ನು ಗರಿಷ್ಠ 20ರಿಂದ ತೀರಾ ಕೆಳಕ್ಕೆ ಇಳಿಸಿದರೆ ಹತ್ತು ನಡೆ ಗ್ರ್ಯಾಂಡ್‌ಮಾಸ್ಟರ್‌ನಂತೆ ಆಡಿ, ಹನ್ನೊಂದನೆಯದಕ್ಕೆ ಒಂಟೆಯನ್ನು ಪುಕ್ಕಟೆ ಕೊಟ್ಟುಬಿಡುತ್ತದೆ. ಮಕ್ಕಳಿಗೆ ಜೊತೆಗಾರ ಬೇಕಿದ್ದರೆ ಮಾಯಾ ಎಂಬ ಎಂಜಿನ್ ನೋಡಿ. ಲಿಚೆಸ್‌ನಲ್ಲಿ ಮನುಷ್ಯರು ಆಡಿದ ಆಟಗಳಿಂದ ಕಲಿತದ್ದಾದ್ದರಿಂದ ಅದರ ತಪ್ಪುಗಳೂ ಮನುಷ್ಯರ ತಪ್ಪುಗಳಂತೆಯೇ ಇರುತ್ತವೆ.